ರಾಜನ ಕೊರಳಿಗೊಂದು ಸಂಖ್ಯೆ: 12345654321

ಹೊಸೂರಿನಿಂದ ಶೂಲಗಿರಿ ದಾಟಿ ಕೃಷ್ಣಗಿರಿಯತ್ತ ಇಳಿಯುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಸಾಲು ಹಗಲು ರಾತ್ರಿ ನಿಲ್ಲುವುದಿಲ್ಲ. ಅವುಗಳಲ್ಲಿ ಪ್ರತಿಯೊಂದರ ಮೀಟರಿನಲ್ಲೂ, ಗಾಡಿ ಬಾಳಿ ಓಡಿದ್ದೇ ಆದರೆ, ಎಂದಾದರೂ ಒಮ್ಮೆ 111111 ಕಿಲೋಮೀಟರು ಬರಲೇಬೇಕು. ಆರು ಒಂದುಗಳು ಸಾಲಾಗಿ ನಿಲ್ಲುತ್ತವೆ, ಮುಂದಿನ ಕಿಲೋಮೀಟರು ಕಲ್ಲು ಬರುವಷ್ಟರಲ್ಲಿ ಕೊನೆಯ ಅಂಕಿ ಎರಡಾಗಿರುತ್ತದೆ. ಆರಕ್ಕೆ ಆರೂ ಅಂಕಿಗಳು ಮತ್ತೆ ಒಂದೇ ಆಗಬೇಕಾದರೆ ಇನ್ನೂ 111111 ಕಿಲೋಮೀಟರು ಓಡಬೇಕು, ಆಗ 222222 ಮೂಡುತ್ತದೆ.

ಆ 111111ನ್ನು ಕಾಗದದ ಮೇಲೆ ಬರೆದುಕೊಂಡು ಅದರಿಂದಲೇ ಗುಣಿಸಿದರೆ ಬರುವ ಉತ್ತರ 12345654321. ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಏರಿ, ಅದೇ ದಾರಿಯಲ್ಲಿ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮಾತಿನಲ್ಲಿ ‘ವಿಕಟಕವಿ’ಯೂ ‘ಕುಬೇರನಿಗೇನಿರಬೇಕು’ ಎಂಬ ಪ್ರಶ್ನೆಯೂ ಮಾಡುವ ಗತಪ್ರತ್ಯಾಗತವನ್ನು ಇಲ್ಲಿ ಅಂಕಿಗಳು ಮಾಡಿವೆ.

ಇದು ಕ್ಯಾಲ್ಕುಲೇಟರ್ ಬಂದ ಮೇಲೆ ಹುಟ್ಟಿದ ಚಮತ್ಕಾರವಲ್ಲ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು. ಗ್ರಂಥದ ಆರಂಭದಲ್ಲೇ ನೃಪತುಂಗನ ಸ್ತುತಿಯಿದೆ. ಒಳಗೆ ಗುಣಾಕಾರದ ಉದಾಹರಣೆಗಳಲ್ಲಿ 27994681ನ್ನು 441ರಿಂದ ಗುಣಿಸುವ ಒಂದು ಲೆಕ್ಕವಿದೆ. ಮಾಡಿ ನೋಡಿದರೆ ಬರುವುದು 12345654321. ಕನ್ನಡದ ಮೊದಲ ಲಕ್ಷಣಗ್ರಂಥ ‘ಕವಿರಾಜಮಾರ್ಗ’ ಯಾವ ಆಸ್ಥಾನದಲ್ಲಿ ರೂಪುಗೊಂಡಿತೋ ಅದೇ ದೊರೆಯ ಆಶ್ರಯದ ಕಾಲದಲ್ಲಿ ಈ ಸಂಖ್ಯೆಯೂ ಬರಹಕ್ಕೆ ಇಳಿಯಿತು. ಕನ್ನಡದ ಓದುಗರು ಮೊದಲನೆಯದನ್ನು ನೆನೆಯುವಷ್ಟು ಎರಡನೆಯದನ್ನು ನೆನೆಯುವುದಿಲ್ಲ ಎಂಬುದು ದೊಡ್ಡ ಕೊರತೆ.

ಮಹಾವೀರಾಚಾರ್ಯರು ಈ ಉತ್ತರವನ್ನು ಹೇಳಿದ ರೀತಿಯೇ ಸೊಗಸು. ಆ ಕಾಲದ ಗಣಿತಗ್ರಂಥಗಳಲ್ಲಿ ಸಂಖ್ಯೆಗಳನ್ನು ಸಂಕೇತ ಪದಗಳಲ್ಲಿ ಹೇಳುವ ಕ್ರಮವಿತ್ತು. ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು, ಋತು ಎಂದರೆ ಆರು. ಜೈನರಾದ ಅವರು ತಮ್ಮ ಧರ್ಮದ ಎಣಿಕೆಗಳನ್ನೂ ಸೇರಿಸಿಕೊಂಡರು: ರತ್ನ ಎಂದರೆ ಮೂರು, ಕಷಾಯ ಎಂದರೆ ನಾಲ್ಕು, ತತ್ತ್ವ ಎಂದರೆ ಏಳು, ಕರ್ಮ ಎಂದರೆ ಎಂಟು. ಇಂಥ ಪದಗಳನ್ನು ಸಾಮಾನ್ಯವಾಗಿ ಬಿಡಿಸ್ಥಾನದಿಂದ ಹಿಡಿದು ಎಡಕ್ಕೆ ಓದುತ್ತಾ ಹೋಗಬೇಕು. 12345654321ಕ್ಕೆ ಮಾತ್ರ ಈ ಯಾವ ಸಂಕೇತವೂ ಬೇಕಾಗಲಿಲ್ಲ. ಒಂದರಿಂದ ಆರಂಭಿಸಿ ಆರರವರೆಗೆ ಹೋಗಿ ಕ್ರಮವಾಗಿ ಕಡಿಮೆಯಾಗುವ ಅಂಕಿಗಳು ಎಂಬ ವಿವರಣೆಯೇ ಸಾಕಾಯಿತು. ಎಡದಿಂದ ಓದಬೇಕೆ, ಬಲದಿಂದ ಓದಬೇಕೆ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಅಂಕಿಯ ಬೆಲೆ ಅದು ನಿಂತ ಸ್ಥಾನದಿಂದ ಬರುತ್ತದೆ ಎಂಬ ತಿಳಿವಳಿಕೆ ಓದುವವರಲ್ಲಿ ಆಗಲೇ ಬೇರೂರಿದ್ದರೆ ಮಾತ್ರ ಹೀಗೆ ಬರೆಯಲು ಸಾಧ್ಯ. ಅದೇ ಗ್ರಂಥ ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತದೆ. ಹನ್ನೊಂದು ಅಂಕಿ ಅವರಿಗೆ ದೊಡ್ಡದೇನಲ್ಲ.

ಜಿನಾಲಯಗಳಿಗೆ ಅರ್ಪಿಸಿದ ತಾವರೆ ಮತ್ತು ಮಾಣಿಕ್ಯಗಳ ಸರಳ ಲೆಕ್ಕಗಳ ನಡುವೆಯೇ ಇಂಥ ಹಲವು ಗುಣಾಕಾರಗಳಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 11011011ನ್ನು 91ರಿಂದ ಗುಣಿಸಿದರೆ 1002002001. 333333666667ನ್ನು 33ರಿಂದ ಗುಣಿಸಿದರೆ 11000011000011. ಇಂಥ ಗುಣಲಬ್ಧಗಳಲ್ಲಿ ಕೆಲವನ್ನು ಮಹಾವೀರಾಚಾರ್ಯರು ಅರಸರ ಕೊರಳಿಗೆ ತೊಡಿಸುವ ಕಂಠಾಭರಣ ಎಂದು ಕರೆದಿದ್ದಾರೆ. 12345654321ರಲ್ಲೂ ನಡುವಿನಲ್ಲಿ ದೊಡ್ಡ ಮಣಿ, ಎರಡೂ ಕಡೆಗೆ ಸಮನಾಗಿ ಸಣ್ಣದಾಗುತ್ತಾ ಹೋಗುವ ಮಣಿಗಳು.

ಈ ಗ್ರಂಥಕ್ಕೂ ಹೊಸೂರು ಸೀಮೆಗೂ ಏನು ನಂಟು? ಕವಿರಾಜಮಾರ್ಗ ಕನ್ನಡ ನಾಡಿನ ತೆಂಕಣ ಗಡಿಯಾಗಿ ಕಾವೇರಿಯನ್ನು ಹೇಳುತ್ತದೆ. ಹೊಸೂರು, ತಳಿ, ದೇಂಕಣಿಕೋಟೆ, ಕೆಲಮಂಗಲ ಎಲ್ಲವೂ ಕಾವೇರಿಯ ಈಚೆಗೇ ಇವೆ. ಕೃಷ್ಣಗಿರಿಯಿಂದ ದಕ್ಷಿಣಕ್ಕೆ ಅದೇ ಹೆದ್ದಾರಿಯಲ್ಲಿ ಸಾಗಿದರೆ ಸಿಗುವ ಧರ್ಮಪುರಿ ಅಂದಿನ ತಗಡೂರು. 2004ರವರೆಗೆ ಕೃಷ್ಣಗಿರಿ, ಹೊಸೂರುಗಳು ಧರ್ಮಪುರಿ ಜಿಲ್ಲೆಯ ಭಾಗವೇ ಆಗಿದ್ದವು. ಧರ್ಮಪುರಿಯಲ್ಲಿ ಶಕವರ್ಷ 815ರ, ಅಂದರೆ ಕ್ರಿ.ಶ. 893ರ, ನೊಳಂಬ ದೊರೆ ಮಹೇಂದ್ರನ ಕಾಲದ ಕನ್ನಡ ಶಾಸನವೊಂದು ಸಿಕ್ಕಿದೆ. ನಿಧಿಯಣ್ಣ ಮತ್ತು ಚಂದಿಯಣ್ಣ ಎಂಬ ಸಹೋದರರು ತಗಡೂರಿನಲ್ಲಿ ಜೈನ ಬಸದಿ ಕಟ್ಟಿಸಿದ್ದನ್ನೂ ಅದಕ್ಕೆ ಮೂಲಪಳ್ಳಿ ಎಂಬ ಊರು ದತ್ತಿಯಾದದ್ದನ್ನೂ ಅದು ಹೇಳುತ್ತದೆ. ಗಣಿತಸಾರಸಂಗ್ರಹ ಬರೆದು ಅರ್ಧ ಶತಮಾನವೂ ಕಳೆದಿರಲಿಲ್ಲ. ಕನ್ನಡ ಬಲ್ಲ ಜೈನ ಸಮಾಜ, ಅದರ ಬಸದಿ, ಅದರ ದಾನದ ಲೆಕ್ಕ ಈ ಮಣ್ಣಿನಲ್ಲೂ ಇದ್ದವು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಅದಕ್ಕಿಂತ ಹತ್ತಿರದ ನಂಟು ಭಾಷೆಯದು. ಹೊಸೂರಿನ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ವ್ಯಾಪಾರದಲ್ಲಿ ಕೇಳಿಬರುತ್ತವೆ. ಗಣಿತಸಾರಸಂಗ್ರಹ ಉಳಿದು ಬಂದದ್ದೂ ಆ ಮೂರು ನುಡಿಗಳ ನಾಡುಗಳ ಕೈ ದಾಟಿಯೇ. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ವಲ್ಲಭ ಎಂಬಾತ ಟಿಪ್ಪಣಿ ಬರೆದ. ಮೂಡುಬಿದಿರೆಯ ಜೈನ ಮಠದಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕನ್ನಡ ಲಿಪಿಯ ಪ್ರತಿಗಳು ಉಳಿದವು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಈ ಪ್ರತಿಗಳನ್ನೂ ಮದ್ರಾಸಿನ ಗ್ರಂಥ ಲಿಪಿಯ ಪ್ರತಿಯನ್ನೂ ಹೋಲಿಸಿ, ಮೂಲವನ್ನು ಶುದ್ಧಗೊಳಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸ್ ಸರ್ಕಾರದ ಮೂಲಕ ಅಚ್ಚು ಹಾಕಿಸಿದರು. ಅಚ್ಚಾಗುವ ಮೊದಲೇ, 1908ರಲ್ಲಿ, ರೋಮ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಈ ಗ್ರಂಥದ ಬಗ್ಗೆ ಪ್ರಬಂಧ ಓದಿದ್ದರು. ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಕನ್ನಡ ಮಾಧ್ಯಮದಲ್ಲಿ ಓದುವ ಹೊಸೂರು, ತಳಿಯ ಮಕ್ಕಳ ಕೈಗೆ ಆ ಪುಸ್ತಕ ಸಿಗಬೇಕು.

ಇನ್ನು ಸಂಖ್ಯೆಯ ಒಳಕ್ಕೆ ಹೋಗೋಣ. ಮಹಾವೀರಾಚಾರ್ಯರಿಗೆ 441 ಎಲ್ಲಿಂದ ಸಿಕ್ಕಿತು? ಆರು ಒಂದುಗಳ 111111ನ್ನು ಅಪವರ್ತಿಸಿದರೆ ಐದು ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ: 3, 7, 11, 13 ಮತ್ತು 37. ಪ್ರತಿಯೊಂದೂ ಒಂದೊಂದೇ ಸಲ. ಮೊದಲ ಎರಡನ್ನು ಗುಣಿಸಿದರೆ 21, ಉಳಿದ ಮೂರನ್ನು ಗುಣಿಸಿದರೆ 5291. ಇಪ್ಪತ್ತೊಂದರ ವರ್ಗವೇ 441, 5291ರ ವರ್ಗವೇ 27994681. ನೋಡುವುದಕ್ಕೆ ಏನೂ ವಿಶೇಷವಿಲ್ಲದ ಎರಡು ಸಂಖ್ಯೆಗಳಿಂದ ಥಟ್ಟನೆ ಈ ಸಾಲು ಹೊಮ್ಮಲಿ ಎಂದು ಬೇಕೆಂದೇ ಆರಿಸಿದ ಜೋಡಿ ಇದು. 27994681ರ ಮುಖ ನೋಡಿ ಯಾರೂ ಉತ್ತರ ಊಹಿಸಲಾರರು. ಶಿಷ್ಯರಿಗೆ ಲೆಕ್ಕ ಕೊಡುವ ಮೇಷ್ಟರೊಬ್ಬರ ಪ್ರೀತಿ ಆ ಆಯ್ಕೆಯಲ್ಲಿದೆ.

ಬೇರೆ ಜೋಡಿಗಳೂ ಇವೆ. ಐದು ಅವಿಭಾಜ್ಯಗಳೂ ಈಗ ಎರಡೆರಡು ಸಲ ಇರುವುದರಿಂದ 12345654321ಕ್ಕೆ ಒಟ್ಟು 243 ಭಾಜಕಗಳು. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಅದನ್ನು 122 ಬಗೆಯಲ್ಲಿ ಬರೆಯಬಹುದು. ಅವುಗಳಲ್ಲಿ ಎರಡು ಜೋಡಿಗಳ ಚೆಲುವು ಬೇರೆಯೇ. 11ರ ವರ್ಗ 121, 10101ರ ವರ್ಗ 102030201. ಇವೆರಡನ್ನು ಗುಣಿಸಿದರೂ ನಮ್ಮ ಸಂಖ್ಯೆಯೇ. 111ರ ವರ್ಗ 12321, 1001ರ ವರ್ಗ 1002001. ಇವೆರಡರ ಗುಣಲಬ್ಧವೂ ಅದೇ. ನಾಲ್ಕಕ್ಕೆ ನಾಲ್ಕೂ ಹಿಂದುಮುಂದಾಗಿ ಓದಿದರೂ ಬದಲಾಗದ ಸಂಖ್ಯೆಗಳು. ಹಾರದೊಳಗೆ ಹಾರ ಎಂದರೆ ಇದು.

ಇನ್ನೊಂದು ಸಂಗತಿ ಕೂಡುವುದರಲ್ಲಿದೆ. ಹನ್ನೊಂದೂ ಅಂಕಿಗಳನ್ನು ಕೂಡಿದರೆ 36, ಅದು ಆರರ ವರ್ಗ. 666666ನ್ನು ಅದರಿಂದಲೇ ಗುಣಿಸಿ ಆ 36ರಿಂದ ಭಾಗಿಸಿದರೆ ಮತ್ತೆ 12345654321.

ಮೇಲೆ ಬಂದ 1001ರ ಬಳಿ ಸ್ವಲ್ಪ ನಿಲ್ಲಬೇಕು. ಅದು 7, 11, 13ರ ಗುಣಲಬ್ಧ. ಹೊಸೂರಿನ ಪಿನ್ ಕೋಡ್ ಆಗಲಿ ಕೃಷ್ಣಗಿರಿಯದಾಗಲಿ ಶುರುವಾಗುವುದು 635ರಿಂದ. ಈ 635ನ್ನು ಪಕ್ಕಪಕ್ಕದಲ್ಲಿ ಎರಡು ಸಲ ಬರೆದರೆ 635635. ಏಳರಿಂದ ಭಾಗಿಸಿದರೆ 90805. ಅದನ್ನು ಹನ್ನೊಂದರಿಂದ ಭಾಗಿಸಿದರೆ 8255. ಅದನ್ನು ಹದಿಮೂರರಿಂದ ಭಾಗಿಸಿದರೆ ಮತ್ತೆ 635. ಎಲ್ಲೂ ಶೇಷ ಉಳಿಯುವುದಿಲ್ಲ. ಯಾವ ಮೂರಂಕಿಯ ಸಂಖ್ಯೆ ತೆಗೆದುಕೊಂಡರೂ ಹೀಗೆಯೇ, ಏಕೆಂದರೆ ಎರಡು ಸಲ ಬರೆಯುವುದೆಂದರೆ 1001ರಿಂದ ಗುಣಿಸುವುದು.

ದೊಡ್ಡ ಸಂಖ್ಯೆಯೊಂದು 7, 11, 13ರಿಂದ ಭಾಗವಾಗುತ್ತದೋ ಇಲ್ಲವೋ ಎಂದು ಒಂದೇ ಏಟಿಗೆ ಪರೀಕ್ಷಿಸುವ ವಿಧಾನವೂ ಇದರಿಂದಲೇ ಹುಟ್ಟುತ್ತದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಒಡೆಯಬೇಕು, ಒಂದನ್ನು ಬಿಟ್ಟು ಒಂದನ್ನು ಕೂಡಿ ಕಳೆಯುತ್ತಾ ಬರಬೇಕು. 12345654321ನ್ನು ಒಡೆದರೆ 321, 654, 345, 12. ಮೊದಲನೆಯದರಿಂದ ಎರಡನೆಯದನ್ನು ಕಳೆದು, ಮೂರನೆಯದನ್ನು ಕೂಡಿ, ನಾಲ್ಕನೆಯದನ್ನು ಕಳೆದರೆ ಸೊನ್ನೆ. ಅಂದರೆ 1001ರಿಂದ ಅದು ಪೂರ್ತಿ ಭಾಗವಾಗುತ್ತದೆ. ಅದೇ ನಾಲ್ಕು ತುಂಡುಗಳನ್ನು ಬರೀ ಕೂಡಿದರೆ 1332, ಅದು 37ರ 36 ಪಟ್ಟು, ಹಾಗಾಗಿ 37ರಿಂದಲೂ ಭಾಗವಾಗುತ್ತದೆ. ಏಳರ ಭಾಗಾಕಾರಕ್ಕೆ ಹೆದರುವ ಮಕ್ಕಳಿಗೆ ಇಂಥ ಉಪಾಯ ಒಂದು ಸಲ ಕೈಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಈ ಐದೇ ಅವಿಭಾಜ್ಯಗಳು ಏಕೆ? ಉತ್ತರ ದಶಮಾಂಶ ಭಿನ್ನರಾಶಿಯಲ್ಲಿದೆ. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆದರೆ 3 ಎಂಬ ಒಂದೇ ಅಂಕಿ ಮರುಕಳಿಸುತ್ತದೆ. ಹನ್ನೊಂದನೇ ಒಂದರಲ್ಲಿ 09 ಎಂಬ ಎರಡು ಅಂಕಿ, ಮೂವತ್ತೇಳನೇ ಒಂದರಲ್ಲಿ 027 ಎಂಬ ಮೂರು. ಏಳನೇ ಒಂದರಲ್ಲಿ 142857, ಹದಿಮೂರನೇ ಒಂದರಲ್ಲಿ 076923, ಎರಡರಲ್ಲೂ ಆರು ಆರು ಅಂಕಿ. ಒಂದು, ಎರಡು, ಮೂರು, ಆರು: ಇವೆಲ್ಲ ಆರನ್ನು ಭಾಗಿಸುವ ಸಂಖ್ಯೆಗಳು. ಆರು ಅಂಕಿಗಳೊಳಗೆ ಸರಿಯಾಗಿ ಸುತ್ತು ಮುಗಿಸುವ ಅವಿಭಾಜ್ಯಗಳು ಇವು ಐದೇ, ಮತ್ತೊಂದಿಲ್ಲ. 142857 ಎಂಬ ಹೆಸರಾಂತ ಸಂಖ್ಯೆ 15873ರ ಒಂಬತ್ತು ಪಟ್ಟು. ಆ 15873ನ್ನು ಏಳರಿಂದ ಗುಣಿಸಿದರೆ ಆರು ಒಂದುಗಳು, ಹದಿನಾಲ್ಕರಿಂದ ಗುಣಿಸಿದರೆ ಆರು ಎರಡುಗಳು. ಮಹಾವೀರಾಚಾರ್ಯರ ಪಟ್ಟಿಯಲ್ಲೂ 142857143ನ್ನು ಏಳರಿಂದ ಗುಣಿಸಿ 1000000001 ಪಡೆಯುವ ಲೆಕ್ಕವಿದೆ. ಏಳರ ಈ ಗುಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತರ ಎಣಿಕೆಯನ್ನು ಬಿಟ್ಟರೂ ಈ ಸಂಖ್ಯೆಯ ಗುಣ ಕೆಡುವುದಿಲ್ಲ. ಹೊಸೂರಿನಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಸಾಫ್ಟ್‌ವೇರ್ ನೌಕರರಿಗೆ ಹದಿನಾರರ ಆಧಾರದ ಎಣಿಕೆ ದಿನನಿತ್ಯದ್ದು. ಅಲ್ಲೂ 111111ರ ವರ್ಗ 12345654321 ಎಂದೇ ಬರೆಯಲ್ಪಡುತ್ತದೆ, ಬೆಲೆ ಮಾತ್ರ ಬೇರೆ. ಎಂಟರ ಆಧಾರದಲ್ಲೂ ಹಾಗೆಯೇ. ಏಳರ ಆಧಾರದಲ್ಲಿ 111111 ಎಂದರೆ ನಮ್ಮ 19608. ಅದರ ವರ್ಗ 384473664ನ್ನು ಏಳರ ಆಧಾರಕ್ಕೆ ತಿರುಗಿಸಿದರೆ ಮತ್ತೆ ಅದೇ ಏರಿಳಿತದ ಸಾಲು. ಆರರ ಆಧಾರಕ್ಕೆ ಇಳಿದರೆ ಆಟ ಮುಗಿಯುತ್ತದೆ, ಏಕೆಂದರೆ ಅಲ್ಲಿ ಆರು ಎಂಬ ಅಂಕಿಯೇ ಇಲ್ಲ.

ಕಾರಣ ಸ್ಲೇಟಿನ ಮೇಲೆ ಕಾಣುತ್ತದೆ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲು ಬರೆಯುತ್ತೇವೆ, ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಿಡಿಸ್ಥಾನದ ಕಂಬದಲ್ಲಿ ಒಂದೇ ಒಂದು ಅಂಕಿ, ಹತ್ತರ ಕಂಬದಲ್ಲಿ ಎರಡು, ನೂರರದ್ದರಲ್ಲಿ ಮೂರು, ಹೀಗೆ ಆರರವರೆಗೆ ಏರಿ ಮತ್ತೆ ಇಳಿಯುತ್ತದೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ದಶಕ ಕೈಗೆ ಬರುವುದಿಲ್ಲ, ಮೊತ್ತಗಳು ಇದ್ದ ಹಾಗೆಯೇ ಅಂಕಿಗಳಾಗಿ ನಿಲ್ಲುತ್ತವೆ.

ಇಪ್ಪತ್ತನೇ ಶತಮಾನದಲ್ಲಿ ಇದೇ ಸಾಲಿನ ಬೆನ್ನು ಹತ್ತಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಅವರು 1, 121, 12321, 1234321 ಮುಂತಾದ ಸಂಖ್ಯೆಗಳಿಗೆ ‘ಡೆಮ್ಲೊ ಸಂಖ್ಯೆ’ಗಳು ಎಂದು ಹೆಸರಿಟ್ಟರು. ಮುಂಬಯಿಯಿಂದ ಸುಮಾರು ಮೂವತ್ತು ಮೈಲಿ ದೂರದ ರೈಲು ನಿಲ್ದಾಣದಲ್ಲಿ ಈ ವಿಚಾರ ಹೊಳೆದದ್ದರಿಂದ ಆ ನಿಲ್ದಾಣದ ಹೆಸರನ್ನೇ ಕೊಟ್ಟರು. ನಮ್ಮ ಸಂಖ್ಯೆ ಆ ಸಾಲಿನ ಆರನೆಯದು. 6174 ಎಂಬ ಸಂಖ್ಯೆಯಿಂದ ಜಗತ್ತಿಗೆ ಪರಿಚಿತರಾದ ಕಾಪ್ರೇಕರ್ ಸ್ನಾತಕೋತ್ತರ ಪದವಿಯಿಲ್ಲದೆ, ಪಾಠ ಹೇಳುತ್ತಲೇ ಬದುಕಿಡೀ ಸಂಖ್ಯೆಗಳೊಡನೆ ಕಳೆದವರು. ರಾಷ್ಟ್ರಕೂಟರ ಕಾಲದ ಆಚಾರ್ಯರನ್ನೂ ದೇವಳಾಲಿಯ ಮೇಷ್ಟರನ್ನೂ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಒಂದೇ ಸಂಖ್ಯೆ ಸೆಳೆಯಿತು.

ಒಂದುಗಳನ್ನು ಹೆಚ್ಚಿಸುತ್ತಾ ಹೋದರೆ ಈ ಸಾಲು ಎಲ್ಲಿಯವರೆಗೆ ನಡೆಯುತ್ತದೆ? ಒಂಬತ್ತು ಒಂದುಗಳ ವರ್ಗ 12345678987654321. ಅಲ್ಲಿಗೆ ಅದರ ತುದಿ. ಹತ್ತು ಒಂದುಗಳಿಗೆ ಬಂದಾಗ ನಡುವಿನ ಕಂಬದ ಮೊತ್ತ ಹತ್ತಾಗುತ್ತದೆ. ಸೊನ್ನೆ ಬರೆದು ದಶಕ ಎಡಕ್ಕೆ ಹೋಗುತ್ತದೆ. ಎಡದಲ್ಲಿದ್ದ ಒಂಬತ್ತಕ್ಕೆ ಅದು ಸೇರಿ ಹತ್ತಾಗುತ್ತದೆ, ಅಲ್ಲೂ ಸೊನ್ನೆ, ಮತ್ತೆ ದಶಕ. ಅದರ ಎಡದ ಎಂಟು ಒಂಬತ್ತಾಗಿ ನಿಲ್ಲುತ್ತದೆ. ಉತ್ತರ 1234567900987654321. ಬಲಭಾಗದಲ್ಲಿ ಇಳಿಯುವ ಅಂಕಿಗಳಿಗೆ ಏನೂ ಆಗಿಲ್ಲ. ಎಡಭಾಗದಲ್ಲಿ ಏಳರ ನಂತರ ನೇರವಾಗಿ ಒಂಬತ್ತು ಬಂದಿದೆ, ಎಂಟು ಕಾಣೆಯಾಗಿದೆ.

ಎಂಟಿಲ್ಲದ ಆ 12345679 ಮಹಾವೀರಾಚಾರ್ಯರ ಗ್ರಂಥದಲ್ಲಿ ಅದೇ ಗುಣಾಕಾರಗಳ ನಡುವೆ ಇದೆ. ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು ಬರುವ ಲೆಕ್ಕವಾಗಿ. ಒಂದನ್ನು 81ರಿಂದ ಭಾಗಿಸಿದರೆ ದಶಮಾಂಶದಲ್ಲಿ 012345679 ಎಂಬ ಒಂಬತ್ತು ಅಂಕಿಗಳು ಕೊನೆಯಿಲ್ಲದೆ ಮರುಕಳಿಸುತ್ತವೆ. ಹನ್ನೊಂದು ಒಂದುಗಳ ವರ್ಗ ಬರೆದರೆ 123456790120987654321, ಅದರ ಮೊದಲ ಭಾಗದಲ್ಲಿ 12345679 ಮುಗಿದು 012 ಎಂದು ಎರಡನೇ ಸುತ್ತು ಶುರುವಾಗಿದೆ. ಒಂದುಗಳು ಹೆಚ್ಚಿದಷ್ಟೂ ಆ ವರ್ಗದ ಎಡಭಾಗ 81ನೇ ಒಂದರ ಅಂಕಿಗಳನ್ನು ಇನ್ನಷ್ಟು ಉದ್ದಕ್ಕೆ ಬರೆದು ತೋರಿಸುತ್ತದೆ. ಹನ್ನೆರಡು ಒಂದುಗಳ ವರ್ಗವನ್ನು ಬೆಳಿಗ್ಗೆಯ ಕಾಫಿ ಮುಗಿಯುವುದರೊಳಗೆ ಪೆನ್ಸಿಲ್ಲಿನಲ್ಲೇ ಮಾಡಬಹುದು. ಎಡಗಡೆಯ ಎಂಟು ಅಂಕಿಗಳನ್ನು ಬರೆದಾದ ಮೇಲೆ 0, 1, 2, 3 ಒಂದರ ಹಿಂದೆ ಒಂದು ಬಂದರೆ ಲೆಕ್ಕ ಸರಿಯಾಗಿದೆ.